ದೇವಿಮನೆ ಘಟ್ಟದ ಲೆಕ್ಕಕ್ಕೆ ಒಂದು ಹಗುರ ಸ್ಪೋರ್ಟ್ಸ್ ಬೈಕ್

ಕಾರವಾರದಲ್ಲಿ ನೌಕರಿ, ಶಿರಸಿಯ ಹತ್ತಿರದ ಹಳ್ಳಿಯಲ್ಲಿ ಮನೆ ಮತ್ತು ಅಡಿಕೆ ತೋಟ. ವಾರದ ಕೊನೆಗೆ ಘಟ್ಟ ಹತ್ತಿ ಊರಿಗೆ ಹೋಗುವುದು, ಸೋಮವಾರ ನಸುಕಿನಲ್ಲಿ ಘಟ್ಟ ಇಳಿದು ಕಚೇರಿಗೆ ಬರುವುದು ಬಹಳ ವರ್ಷಗಳಿಂದ ನಡೆದುಬಂದಿದೆ. ಈ ಓಡಾಟಕ್ಕೆ ಇಷ್ಟು ಕಾಲ ಇದ್ದ 125 ಸಿಸಿಯ ಹಳೆಯ ಬೈಕನ್ನು ತೋಟದ ಕೆಲಸಕ್ಕೆ ಬಿಟ್ಟು, ಫೇರಿಂಗ್ (ಗಾಳಿ ಸೀಳುವ ಪ್ಲಾಸ್ಟಿಕ್ ಹೊದಿಕೆ) ಇರುವ, ಹಗುರವಾದ, ಆರಂಭಿಕ ದರ್ಜೆಯ ಸ್ಪೋರ್ಟ್ಸ್ ಬೈಕೊಂದನ್ನು ಕೊಳ್ಳಬೇಕೆಂದು 2025ರ ಬೇಸಿಗೆಯಲ್ಲಿ ನಿರ್ಧರಿಸಿದೆ. ಹಣದ ಮಿತಿಯನ್ನು ಮೊದಲೇ ಗೊತ್ತುಮಾಡಿಕೊಂಡಿದ್ದೆ: ತೆರಿಗೆ, ವಿಮೆ ಎಲ್ಲ ಸೇರಿ ರಸ್ತೆಗಿಳಿಯುವಾಗ ಎರಡೂವರೆ ಲಕ್ಷ ರೂಪಾಯಿ ಮೀರಬಾರದು. ಆ ನಿರ್ಧಾರದಿಂದ ಬೈಕು ಕೈಗೆ ಬರುವವರೆಗೆ ಒಂದು ಮಳೆಗಾಲ ಪೂರ್ತಿ ಕಳೆಯಿತು. ಆ ಅವಧಿಯಲ್ಲಿ ಮಾಡಿದ ಹೋಲಿಕೆ, ಹಾಕಿದ ಲೆಕ್ಕ ಮತ್ತು ಓಡಿಸಿ ನೋಡಿದ ಅನುಭವವನ್ನು ನಮ್ಮ ಜಿಲ್ಲೆಯ ರಸ್ತೆಯನ್ನು ಮುಂದಿಟ್ಟುಕೊಂಡೇ ಬರೆಯುತ್ತಿದ್ದೇನೆ. ಬೆಂಗಳೂರಿನ ವರ್ತುಲ ರಸ್ತೆಯನ್ನೋ ಪುಣೆಯ ಹೆದ್ದಾರಿಯನ್ನೋ ಮನಸ್ಸಿನಲ್ಲಿಟ್ಟು ಮಾಡಿದ ಹೋಲಿಕೆಗಳು ಘಟ್ಟದ ಮೇಲಿನ ಮತ್ತು ಕೆಳಗಿನ ಜನರಿಗೆ ಅರ್ಧ ಮಾತ್ರ ಉಪಯೋಗಕ್ಕೆ ಬರುತ್ತವೆ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಕಾರವಾರದಿಂದ ಶಿರಸಿಗೆ ಸುಮಾರು ನೂರಿಪ್ಪತ್ತು ಕಿಲೋಮೀಟರ್. ಇದರಲ್ಲಿ ಅರ್ಧ ದಾರಿ ರಾಷ್ಟ್ರೀಯ ಹೆದ್ದಾರಿ 66ರ ಮೇಲೆ, ಬಿಣಗಾ, ಅಮದಳ್ಳಿ, ಅಂಕೋಲಾ ದಾಟಿ ಕುಮಟಾ ಕಡೆಯ ದಿವಗಿಯವರೆಗೆ. ಅಲ್ಲಿ ಸಮುದ್ರದ ಗಾಳಿಯೊಂದನ್ನು ಬಿಟ್ಟರೆ ಬೈಕಿಗೆ ಬೇರೆ ಪರೀಕ್ಷೆ ಕಡಿಮೆ. ದಿವಗಿಯಲ್ಲಿ ಹೆದ್ದಾರಿ 766ಇ ಹಿಡಿದು ಕತಗಾಲ ದಾಟಿದ ಮೇಲೆ ದೇವಿಮನೆ ಘಟ್ಟ ಆರಂಭವಾಗುತ್ತದೆ. ಸಮುದ್ರಮಟ್ಟದಿಂದ ಹೊರಟ ಗಾಡಿ ಶಿರಸಿ ಸೇರುವಾಗ ಆರುನೂರು ಮೀಟರಿನಷ್ಟು ಎತ್ತರಕ್ಕೆ ಬಂದಿರುತ್ತದೆ, ಆ ಏರಿಕೆಯ ಬಹುಪಾಲು ಈ ಘಟ್ಟದಲ್ಲೇ ಮುಗಿಯುತ್ತದೆ. ಹೇರ್‌ಪಿನ್ ತಿರುವುಗಳು, ತಿರುವಿನಲ್ಲಿ ಉಸಿರುಗಟ್ಟಿ ನಿಂತಂತೆ ಏರುವ ಲಾರಿಗಳು, ಮಳೆಗಾಲದಲ್ಲಿ ಧರೆಯಿಂದ ಇಳಿದು ರಸ್ತೆಗೆ ಹರಡುವ ಕೆಮ್ಮಣ್ಣು, ಜೊತೆಗೆ ವರ್ಷಗಳಿಂದ ನಡೆದಿರುವ ಅಗಲೀಕರಣದ ಕಾಮಗಾರಿ. ರಸ್ತೆ ಬಂದಾದಾಗ ಅಂಕೋಲಾದಿಂದ ಅರಬೈಲ್ ಘಟ್ಟ ಹತ್ತಿ ಯಲ್ಲಾಪುರದ ಮೇಲೆ ಅಥವಾ ದೊಡ್ಮನೆ ಘಟ್ಟದಿಂದ ಸಿದ್ದಾಪುರದ ಮೇಲೆ ಸುತ್ತಬೇಕು. ದಾರಿ ಯಾವುದಾದರೂ ಘಟ್ಟ ತಪ್ಪುವುದಿಲ್ಲ. ಆದ್ದರಿಂದ ನಾನು ಕೊಳ್ಳುವ ಬೈಕು ಮೊದಲು ಘಟ್ಟಕ್ಕೆ ಉತ್ತರ ಹೇಳಬೇಕಿತ್ತು, ಆಮೇಲೆ ಹೆದ್ದಾರಿಗೆ.

ಪಟ್ಟಿಗೆ ಬಂದ ಬೈಕುಗಳು ಇವು. 2008ರಲ್ಲಿ ಭಾರತಕ್ಕೆ ಕಾಲಿಟ್ಟು ಈ ದರ್ಜೆಯನ್ನೇ ಹುಟ್ಟಿಸಿದ ಯಮಹಾ ಆರ್15, ಈಗ ಅದರ ನಾಲ್ಕನೆಯ ಆವೃತ್ತಿ: 155 ಸಿಸಿ, ನೀರು ತಂಪುಮಾಡುವ ಎಂಜಿನ್, 18.4 ಪಿಎಸ್ (ಅಶ್ವಶಕ್ತಿಯ ಮೆಟ್ರಿಕ್ ಅಳತೆ) ಶಕ್ತಿ, 142 ಕಿಲೋ ತೂಕ. ಸುಜುಕಿ ಜಿಕ್ಸರ್ ಎಸ್ಎಫ್: ಅದೂ 155 ಸಿಸಿಯೇ, ಆದರೆ ಗಾಳಿಯಿಂದ ತಂಪಾಗುವ ಸರಳ ಎಂಜಿನ್, 13.6 ಪಿಎಸ್, 148 ಕಿಲೋ. ಅದರ ಅಣ್ಣ ಜಿಕ್ಸರ್ ಎಸ್ಎಫ್ 250: 26.5 ಪಿಎಸ್, 161 ಕಿಲೋ. ಬಜಾಜ್ ಪಲ್ಸರ್ ಆರ್‌ಎಸ್200: 24.5 ಪಿಎಸ್, 166 ಕಿಲೋ. 2023ರಲ್ಲಿ ಹಳೆಯ ಹೆಸರಿನೊಂದಿಗೆ ಹೊಸದಾಗಿ ಬಂದ ಹೀರೋ ಕರಿಜ್ಮಾ ಎಕ್ಸ್‌ಎಂಆರ್: 210 ಸಿಸಿ, 25.5 ಪಿಎಸ್, 163.5 ಕಿಲೋ. ಕೊನೆಯದು ಕೆಟಿಎಂ ಆರ್‌ಸಿ 200: 25 ಪಿಎಸ್, 160 ಕಿಲೋ. ಟಿವಿಎಸ್ ಅಪಾಚೆ ಆರ್‌ಆರ್ 310 ಮನಸ್ಸಿಗೆ ಬಹಳ ಹಿಡಿಸಿದ ಬೈಕಾದರೂ ನನ್ನ ಹಣದ ಮಿತಿಯನ್ನು ದೂರ ದಾಟುತ್ತಿದ್ದುದರಿಂದ ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ.

ಆ ಬೇಸಿಗೆಯಲ್ಲಿ ಎಕ್ಸ್-ಶೋರೂಮ್ (ರಾಜ್ಯದ ತೆರಿಗೆ, ವಿಮೆ ಸೇರದ) ಬೆಲೆಗಳು ಸ್ಥೂಲವಾಗಿ ಹೀಗಿದ್ದವು: ಜಿಕ್ಸರ್ ಎಸ್ಎಫ್ ಒಂದೂವರೆ ಲಕ್ಷಕ್ಕೆ ಸ್ವಲ್ಪ ಕಡಿಮೆ, ಕರಿಜ್ಮಾ, ಆರ್‌ಎಸ್200 ಮತ್ತು ಆರ್15ರ ಆರಂಭಿಕ ಮಾದರಿ ಮೂರೂ 1.80ರಿಂದ 1.85 ಲಕ್ಷದ ಸುತ್ತ. ಎಸ್ಎಫ್ 250 ಎರಡು ಲಕ್ಷವನ್ನು ಸ್ವಲ್ಪ ದಾಟಿ. ಆರ್‌ಸಿ 200 ಎರಡು ಲಕ್ಷದ ಇಪ್ಪತ್ತು ಸಾವಿರಕ್ಕೂ ಮೇಲೆ. ಮೊದಲ ಹಂತದಲ್ಲಿ ನಾನು ಎಲ್ಲರೂ ಮಾಡುವ ಹಾಗೆ ಬೆಲೆಯನ್ನು ಪಿಎಸ್‌ನಿಂದ ಭಾಗಿಸಿ ನೋಡಿದೆ. ಕರಿಜ್ಮಾ, ಆರ್‌ಎಸ್200, ಎಸ್ಎಫ್ 250 ಈ ಮೂರರಲ್ಲೂ ಒಂದು ಪಿಎಸ್‌ಗೆ ಏಳರಿಂದ ಎಂಟು ಸಾವಿರ ರೂಪಾಯಿ ಬೀಳುತ್ತಿತ್ತು. ಆರ್‌ಸಿ 200ರಲ್ಲಿ ಒಂಬತ್ತು ಸಾವಿರದ ಸುತ್ತಮುತ್ತ, ಆರ್15ರಲ್ಲಿ ಸರಿಯಾಗಿ ಹತ್ತು ಸಾವಿರ. ಪಟ್ಟಿಯಲ್ಲೇ ಅಗ್ಗದ ಬೈಕಾದ ಜಿಕ್ಸರ್ ಎಸ್ಎಫ್‌ನಲ್ಲಿ ಒಂದು ಪಿಎಸ್‌ನ ಬೆಲೆ ಎಲ್ಲಕ್ಕಿಂತ ಹೆಚ್ಚು, ಹನ್ನೊಂದು ಸಾವಿರದ ಹತ್ತಿರ. ಶೋರೂಮಿನಲ್ಲಿ ಒಬ್ಬ ಗ್ರಾಹಕರು "ಇದೇ ಚೀಪ್ ಅಲ್ವಾ" ಎಂದು ಜಿಕ್ಸರಿನ ಟ್ಯಾಂಕ್ ಸವರುತ್ತಿದ್ದಾಗ ನನ್ನ ಕೈಯಲ್ಲಿದ್ದ ಚೀಟಿಯನ್ನು ಅವರಿಗೆ ತೋರಿಸಬೇಕೆನ್ನಿಸಿತು. ಆದರೂ ಅವರ ಮಾತು ತಪ್ಪೆಂದು ಹೇಳಲಾಗದು. ಮನೆಯಿಂದ ಪೇಟೆಗೆ, ಪೇಟೆಯಿಂದ ಮನೆಗೆ ಓಡಾಡುವವರು ಹೆಚ್ಚಿನ ಪಿಎಸ್ ಕೊಂಡು ಅದನ್ನು ಬಳಸುವುದಾದರೂ ಎಲ್ಲಿ?

ಎಕ್ಸ್-ಶೋರೂಮ್ ಬೆಲೆಯನ್ನು ನಂಬಿ ಕೂರುವ ಹಾಗೆ ನಮ್ಮ ರಾಜ್ಯದಲ್ಲಿ ಇಲ್ಲ. ಒಂದು ಲಕ್ಷಕ್ಕಿಂತ ಹೆಚ್ಚು ಬೆಲೆಯ ದ್ವಿಚಕ್ರ ವಾಹನಕ್ಕೆ ಕರ್ನಾಟಕದಲ್ಲಿ ಶೇಕಡಾ 18ರ ಜೀವಾವಧಿ ತೆರಿಗೆ ಇದೆ, ಅದರ ಮೇಲೆ ಸೆಸ್ ಸೇರಿದರೆ ಹೆಚ್ಚುಕಡಿಮೆ ಶೇಕಡಾ 20. ಅಂದರೆ 1.84 ಲಕ್ಷದ ಬೈಕಿಗೆ ಮೂವತ್ತಾರು ಸಾವಿರಕ್ಕೂ ಹೆಚ್ಚು ಹಣ ತೆರಿಗೆಗೇ ಹೋಗುತ್ತದೆ. ಇದರ ಮೇಲೆ ವಿಮೆ. 2018ರ ಸೆಪ್ಟೆಂಬರ್‌ನಿಂದ ಹೊಸ ದ್ವಿಚಕ್ರ ವಾಹನಕ್ಕೆ ಐದು ವರ್ಷಗಳ ಥರ್ಡ್ ಪಾರ್ಟಿ ವಿಮೆಯನ್ನು ಒಟ್ಟಿಗೇ ಕಟ್ಟುವುದು ಕಡ್ಡಾಯ. ಆ ಕಂತು 75ರಿಂದ 150 ಸಿಸಿವರೆಗಿನ ಬೈಕಿಗೆ 3,851 ರೂಪಾಯಿ, 150 ದಾಟಿ 350 ಸಿಸಿವರೆಗೆ 7,365 ರೂಪಾಯಿ, ಅದರ ಮೇಲೆ ಜಿಎಸ್‌ಟಿ. 155 ಸಿಸಿಯ ಬೈಕು ಐದೇ ಸಿಸಿಯ ಅಂತರದಿಂದ ಮೇಲಿನ ದರ್ಜೆಗೆ ಸೇರಿ, 250 ಸಿಸಿಯ ಬೈಕಿನಷ್ಟೇ ಕಂತು ಕಟ್ಟುತ್ತದೆ. ಹಾಗಾಗಿ ಸಣ್ಣ ಎಂಜಿನ್ ಕೊಂಡರೆ ವಿಮೆಯಲ್ಲಿ ಉಳಿಯುತ್ತದೆ ಎಂಬ ಮಾತು ನನ್ನ ಪಟ್ಟಿಯ ಯಾವ ಬೈಕಿಗೂ ಅನ್ವಯಿಸುತ್ತಿರಲಿಲ್ಲ. ಎಲ್ಲವನ್ನೂ ಕೂಡಿಸಿದಾಗ ಆರ್15, ಕರಿಜ್ಮಾ, ಆರ್‌ಎಸ್200 ನನ್ನ ಮಿತಿಯೊಳಗೆ ಬಂದವು, ಎಸ್ಎಫ್ 250 ಹತ್ತು ಹದಿನೈದು ಸಾವಿರದಷ್ಟು ಆಚೆ ಉಳಿಯಿತು, ಆರ್‌ಸಿ 200 ಇನ್ನೂ ದೂರ ಹೋಯಿತು.

ಕಾರವಾರದಲ್ಲಿ ಈ ಮಾತು ಬಂದಾಗಲೆಲ್ಲ ಯಾರಾದರೊಬ್ಬರು ಗೋವಾದ ಹೆಸರು ಎತ್ತುತ್ತಾರೆ. ಮಾಜಾಳಿ ದಾಟಿದರೆ ಪೆಟ್ರೋಲ್ ಅಗ್ಗ ಎಂಬುದು ನಿಜ. ಆದರೆ ಬೇರೆ ರಾಜ್ಯದಲ್ಲಿ ನೋಂದಣಿಯಾದ ವಾಹನವನ್ನು ಇಲ್ಲಿ ಹನ್ನೆರಡು ತಿಂಗಳಿಗಿಂತ ಹೆಚ್ಚು ಇಟ್ಟುಕೊಂಡರೆ ಮೋಟಾರು ವಾಹನ ಕಾಯ್ದೆಯ 47ನೇ ಸೆಕ್ಷನ್ ಪ್ರಕಾರ ಇಲ್ಲಿಯ ನೋಂದಣಿ ಸಂಖ್ಯೆ ಪಡೆಯಲೇಬೇಕು. ಕಾರವಾರದ ಕೆಎ-30 ಫಲಕವೇ ನನಗೆ ಬೇಕಾಗಿದ್ದುದರಿಂದ ಆ ಯೋಚನೆಯನ್ನು ಅಲ್ಲಿಗೇ ಬಿಟ್ಟೆ.

ನನ್ನ ಹೋಲಿಕೆಯ ಮುಖ್ಯ ಭಾಗ ಆರಂಭವಾದದ್ದು ಇದಾದ ಮೇಲೆ. ಕಂಪನಿಗಳು ಹೇಳುವ ಪಿಎಸ್ ಎಂಜಿನ್ ತನ್ನ ತುತ್ತತುದಿಯಲ್ಲಿ, ಎಂಟರಿಂದ ಹತ್ತು ಸಾವಿರ ಆರ್‌ಪಿಎಂನಲ್ಲಿ (ನಿಮಿಷಕ್ಕೆ ಅಷ್ಟು ಸುತ್ತು) ತಿರುಗುವಾಗ ಕೊಡುವ ಶಕ್ತಿ. ಘಟ್ಟದ ತಿರುವಿನಿಂದ ಹೊರಬರುವಾಗ ಯಾವ ಎಂಜಿನ್ನೂ ಅಲ್ಲಿರುವುದಿಲ್ಲ. ಅಲ್ಲಿ ಕೆಲಸಕ್ಕೆ ಬರುವುದು ಟಾರ್ಕ್, ಅಂದರೆ ಎಂಜಿನ್ನಿನ ತಿರುಚುಬಲ, ಅತಿ ಹೆಚ್ಚಿರುವ ಹಂತ. ಟಾರ್ಕನ್ನು ಆರ್‌ಪಿಎಂನಿಂದ ಗುಣಿಸಿ 7,023ರಿಂದ ಭಾಗಿಸಿದರೆ ಆ ಹಂತದಲ್ಲಿ ಎಂಜಿನ್ ಕೊಡುತ್ತಿರುವ ಪಿಎಸ್ ಸಿಗುತ್ತದೆ. ಜಿಕ್ಸರ್ ಎಸ್ಎಫ್‌ನ ಟಾರ್ಕ್ 13.8 ನ್ಯೂಟನ್ ಮೀಟರ್, ಅದು 6,000 ಆರ್‌ಪಿಎಂನಲ್ಲೇ ಸಿಗುತ್ತದೆ. ಶಕ್ತಿ ಹನ್ನೆರಡು ಪಿಎಸ್‌ಗೆ ತುಸು ಕಡಿಮೆ. ಆರ್15ರದು 7,500ರಲ್ಲಿ 14.2, ಶಕ್ತಿ ಹದಿನೈದು. ಕರಿಜ್ಮಾದ್ದು 7,250ರಲ್ಲಿ 20.4, ಇಪ್ಪತ್ತೊಂದು. ಆರ್‌ಎಸ್200ರದು 8,000ದಲ್ಲಿ 18.7, ಅದೂ ಇಪ್ಪತ್ತೊಂದರ ಮೇಲೆ. ಆರ್‌ಸಿ 200ರದು 8,000ದಲ್ಲಿ 19.2, ಇಪ್ಪತ್ತೆರಡರ ಹತ್ತಿರ. ಎಸ್ಎಫ್ 250ರದು 7,300ರಲ್ಲಿ 22.2, ಇಪ್ಪತ್ಮೂರು.

ಹಾಗಾದರೆ ಘಟ್ಟ ಹತ್ತಲು ಎಷ್ಟು ಬೇಕು? ಬೈಕು, ನಾನು, ಹಿಂದೆ ಹೆಂಡತಿ, ಊರಿನಿಂದ ತರುವ ಚೀಲ ಎಲ್ಲ ಸೇರಿ ಮುನ್ನೂರು ಕಿಲೋ ಎಂದು ಹಿಡಿದೆ. ನೂರು ಮೀಟರಿಗೆ ಏಳು ಮೀಟರ್ ಏರುವ ರಸ್ತೆಯಲ್ಲಿ ಗಂಟೆಗೆ ಐವತ್ತು ಕಿಲೋಮೀಟರ್ ವೇಗ ಕಾಯ್ದುಕೊಳ್ಳಲು ಭಾರ ಎತ್ತುವುದಕ್ಕೇ ಸುಮಾರು ನಾಲ್ಕು ಪಿಎಸ್ ಬೇಕು. ಗಾಳಿಯ ತಡೆ, ಟೈರಿನ ಉರುಳುತಡೆ ಮತ್ತು ಚೈನಿನಲ್ಲಿ ಕಳೆದುಹೋಗುವುದನ್ನು ಸೇರಿಸಿದರೆ ಆರೂವರೆ. ಅಂದರೆ ಈ ಪಟ್ಟಿಯ ಯಾವ ಬೈಕೂ ಇಬ್ಬರನ್ನು ಹೊತ್ತು ದೇವಿಮನೆಯನ್ನು ಆರಾಮವಾಗಿ ಹತ್ತುತ್ತದೆ. ನನ್ನ ಹಳೆಯ 125 ಸಿಸಿ ಬೈಕೂ ಹತ್ತುತ್ತಿತ್ತು. ವ್ಯತ್ಯಾಸ ಕಾಣುವುದು ಮುಂದಿರುವ ಲಾರಿಯನ್ನು ಹಿಂದೆ ಹಾಕುವಾಗ, ಅಂದರೆ ಹತ್ತುವ ಖರ್ಚು ಕಳೆದು ಕೈಯಲ್ಲಿ ಉಳಿಯುವ ಶಕ್ತಿಯಲ್ಲಿ. ಆ ಉಳಿತಾಯ ಜಿಕ್ಸರ್ ಎಸ್ಎಫ್‌ನಲ್ಲಿ ಐದು ಪಿಎಸ್, ಆರ್15ರಲ್ಲಿ ಎಂಟೂವರೆ, ಕರಿಜ್ಮಾ ಮತ್ತು ಆರ್‌ಎಸ್200ರಲ್ಲಿ ಹದಿನಾಲ್ಕೂವರೆಯ ಆಸುಪಾಸು, ಎಸ್ಎಫ್ 250ರಲ್ಲಿ ಹದಿನಾರೂವರೆ. ನಲವತ್ತೈದರಿಂದ ಅರವತ್ತೈದರ ವೇಗಕ್ಕೆ ಏರಲು ಎಂಟೂವರೆ ಪಿಎಸ್ ಉಳಿತಾಯವಿರುವ ಬೈಕಿಗೆ ಲೆಕ್ಕದ ಪ್ರಕಾರ ನಾಲ್ಕು ಸೆಕೆಂಡು ಹಿಡಿದರೆ, ಹದಿನಾರೂವರೆ ಇರುವುದಕ್ಕೆ ಎರಡು ಸೆಕೆಂಡು ಸಾಕು. ನಿಜವಾದ ರಸ್ತೆಯಲ್ಲಿ ಗೇರು ಬದಲಿಸುವ ಹೊತ್ತೂ ಸೇರಿ ಎರಡೂ ಹೆಚ್ಚುತ್ತವೆ, ಆದರೆ ಅನುಪಾತ ಉಳಿಯುತ್ತದೆ. ಆ ಎರಡು ಸೆಕೆಂಡಿನಲ್ಲಿ ಬೈಕು ಎದುರುಪಥದಲ್ಲಿ ಮೂವತ್ತು ಮೀಟರ್ ಓಡಿರುತ್ತದೆ. ತಿರುವಿನಾಚೆಯಿಂದ ಬಸ್ಸು ಇಳಿದು ಬರುವ ರಸ್ತೆಯಲ್ಲಿ ಮೂವತ್ತು ಮೀಟರಿನ ಬೆಲೆ ಏನೆಂದು ಘಟ್ಟದ ಜನರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಬೆಲೆಯನ್ನು ಈ ಉಳಿತಾಯದ ಪಿಎಸ್‌ನಿಂದ ಭಾಗಿಸಿದಾಗ ಪಟ್ಟಿಯ ಚಿತ್ರವೇ ಬದಲಾಯಿತು. ಆರ್‌ಎಸ್200, ಕರಿಜ್ಮಾ, ಎಸ್ಎಫ್ 250 ಮೂರೂ ಹನ್ನೆರಡರಿಂದ ಹದಿಮೂರು ಸಾವಿರದೊಳಗೆ ಒಟ್ಟಿಗೇ ನಿಂತವು. ಆರ್‌ಸಿ 200 ಹದಿನಾಲ್ಕು ಸಾವಿರ ದಾಟಿತು. ಆರ್15 ಇಪ್ಪತ್ತೊಂದು ಸಾವಿರಕ್ಕೂ ಮೇಲೆ, ಜಿಕ್ಸರ್ ಎಸ್ಎಫ್ ಇಪ್ಪತ್ತೇಳು ಸಾವಿರಕ್ಕೂ ಮೇಲೆ ಹೋದವು. ಒಬ್ಬನೇ ಸವಾರ, ಸಮತಟ್ಟಾದ ರಸ್ತೆ ಎಂದು ಲೆಕ್ಕ ಹಾಕಿದರೆ ಈ ಅಂತರ ಇಷ್ಟು ಇರುವುದಿಲ್ಲ. ನನ್ನ ಚೀಟಿಯ ಲೆಕ್ಕ ಇಬ್ಬರು ಸವಾರರ, ಏರು ದಾರಿಯ ಲೆಕ್ಕ.

ಕಾಗದದ ಮೇಲೆ ಗೆದ್ದದ್ದು ಕೈಗೆ ಹೇಗೆ ಸಿಗುತ್ತದೆ ಎಂದು ನೋಡಲು ಟೆಸ್ಟ್ ರೈಡ್‌ಗಳನ್ನು ಆರಂಭಿಸಿದೆ. ಹತ್ತಿರದಲ್ಲಿ ಸಿಕ್ಕವನ್ನು ಹತ್ತಿರದಲ್ಲಿ, ಉಳಿದವನ್ನು ಹುಬ್ಬಳ್ಳಿಯಲ್ಲಿ ಓಡಿಸಿದೆ. ಆರ್‌ಎಸ್200 ಮಾತ್ರ ದೊಡ್ಡಪ್ಪನ ಮಗನ ಬಳಿಯೇ ಇದ್ದುದರಿಂದ ಅದನ್ನು ಘಟ್ಟದಲ್ಲೇ ಓಡಿಸುವ ಅವಕಾಶ ಸಿಕ್ಕಿತು.

ಆರ್15 ಮೊದಲ ತಿರುವಿನಲ್ಲೇ ಮನಸ್ಸನ್ನು ಗೆಲ್ಲುವ ಬೈಕು. 142 ಕಿಲೋ ಎಂದರೆ ಏನೆಂಬುದು ಅದನ್ನು ಎಡಕ್ಕೂ ಬಲಕ್ಕೂ ವಾಲಿಸುವಾಗ ತಿಳಿಯುತ್ತದೆ. ನೋಡಿದ ಕಡೆಗೆ ಅದು ತಾನಾಗಿಯೇ ಹೋಗುತ್ತದೆ. ಅದರ ಎಂಜಿನ್‌ನಲ್ಲಿ 7,400 ಆರ್‌ಪಿಎಂ ದಾಟಿದಾಗ ಒಳಹರಿವಿನ ಕವಾಟಗಳನ್ನು ಬೇರೆ ಕ್ಯಾಮ್ ಎತ್ತತೊಡಗುತ್ತದೆ, ಅಲ್ಲಿಂದ ಮುಂದೆ ಎಂಜಿನ್ನಿನ ದನಿಯೂ ಹುಮ್ಮಸ್ಸೂ ಬೇರೆ. ಆ ಹುಮ್ಮಸ್ಸನ್ನು ಏರಿನಲ್ಲಿ ಉಳಿಸಿಕೊಳ್ಳಬೇಕಾದರೆ ಮೇಲಿಂದ ಮೇಲೆ ಗೇರ್ ಇಳಿಸುತ್ತಿರಬೇಕು. ಇಪ್ಪತ್ತೆರಡರ ಹರೆಯದಲ್ಲಿ ಅದು ಸಂತೋಷದ ಕೆಲಸ; ನಲವತ್ತರ ಮೇಲೆ, ಹಿಂದೆ ಒಬ್ಬರನ್ನು ಕೂರಿಸಿಕೊಂಡು ಮಾಡುವಾಗ ದುಡಿಮೆ. ಹ್ಯಾಂಡಲ್ ತಗ್ಗಿನಲ್ಲಿರುವುದರಿಂದ ಇಳಿಜಾರಿನಲ್ಲಿ ಮೈಯ ಭಾರವೆಲ್ಲ ಮಣಿಕಟ್ಟಿನ ಮೇಲೆ ಬರುತ್ತದೆ. ಆರ್‌ಸಿ 200ರಲ್ಲಿ ಬ್ರೇಕು ಬಹಳ ಮೆಚ್ಚುಗೆಯಾಯಿತು, ಮುಂದಿನ ಚಕ್ರಕ್ಕೆ 320 ಮಿಲಿಮೀಟರಿನ ಡಿಸ್ಕ್ ಇರುವ ಬೈಕು ನನ್ನ ಪಟ್ಟಿಯಲ್ಲಿ ಬೇರೆ ಇಲ್ಲ. ಆದರೆ ಅದರ ಎಂಜಿನ್ನೂ ಮೇಲಿನ ಆರ್‌ಪಿಎಂನಲ್ಲಿ ಅರಳುವಂಥದು, ಸೀಟು ಎತ್ತರ, ಬೆಲೆಯೂ ಎತ್ತರ.

ಆರ್‌ಎಸ್200ರ ವಿಷಯದಲ್ಲಿ ನನಗೆ ಗೌರವ ಹೆಚ್ಚಾಯಿತು. ಹತ್ತು ವರ್ಷಗಳಿಂದ ಮಾರುಕಟ್ಟೆಯಲ್ಲಿರುವ ಈ ಬೈಕಿಗೆ 2025ರ ಜನವರಿಯಲ್ಲಿ ಸ್ಲಿಪ್ಪರ್ ಕ್ಲಚ್ ಮತ್ತು ಅಗಲವಾದ ಟೈರುಗಳು ಬಂದವು. ಇಳಿಜಾರಿನಲ್ಲಿ ಗೇರನ್ನು ಒಮ್ಮೆಲೇ ಇಳಿಸಿದಾಗ ಎಂಜಿನ್ನಿನ ಹಿಡಿತಕ್ಕೆ ಹಿಂದಿನ ಚಕ್ರ ಜಾರದಂತೆ ಈ ಕ್ಲಚ್ ತುಸು ಸಡಿಲಿಸಿಕೊಳ್ಳುತ್ತದೆ. ಒದ್ದೆ ಘಟ್ಟ ಇಳಿಯುವವರಿಗೆ ಇದು ನಿಜವಾದ ಉಪಕಾರ. ಆರ್15 ಮತ್ತು ಕರಿಜ್ಮಾದಲ್ಲೂ ಇದೆ. ಕರಿಜ್ಮಾದ ಎಂಜಿನ್ ನಡುವಿನ ಆರ್‌ಪಿಎಂನಲ್ಲಿ ಚೆನ್ನಾಗಿ ಎಳೆಯುತ್ತದೆ, ಅದರ ಮುಂದಿನ ಗಾಜನ್ನು ಎತ್ತರಕ್ಕೆ ತಕ್ಕಂತೆ ಹೊಂದಿಸಿಕೊಳ್ಳಬಹುದು. ಅಮದಳ್ಳಿಯಿಂದ ಅಂಕೋಲಾದವರೆಗೆ ಎದುರುಗಾಳಿಯಲ್ಲಿ ಓಡುವ ನನ್ನಂಥವರಿಗೆ ಅದು ಅಲಂಕಾರದ ವಸ್ತುವಲ್ಲ.

ಎಸ್ಎಫ್ 250 ಓಡಿಸಿದಾಗ ಮೊದಲ ಕೆಲವು ಕಿಲೋಮೀಟರ್ ವಿಶೇಷವೇನೂ ಅನ್ನಿಸಲಿಲ್ಲ. ಸ್ಲಿಪ್ಪರ್ ಕ್ಲಚ್ ಇಲ್ಲ, ಎಂಜಿನ್ನನ್ನು ನೀರಿನ ಬದಲು ಎಣ್ಣೆಯೇ ತಂಪುಮಾಡುತ್ತದೆ. ಊರಿನಾಚೆಯ ಏರಿನಲ್ಲಿ ನಾಲ್ಕನೇ ಗೇರಿನಲ್ಲೇ ಆಕ್ಸಿಲರೇಟರ್ ತಿರುವಿದಾಗ ಗೇರ್ ಇಳಿಸದೆಯೇ ಬೈಕು ಮುಂದೆ ನುಗ್ಗಿತು. ಆಗ ಚೀಟಿಯ ಮೇಲಿನ 22.2 ಎಂಬ ಅಂಕಿ ಕೈಗೆ ಸಿಕ್ಕ ಹಾಗಾಯಿತು. ಹ್ಯಾಂಡಲ್ ಮತ್ತು ಕಾಲಿಡುವ ಜಾಗ ಎರಡೂ ಹದವಾಗಿದ್ದು ಬೆನ್ನು ಅಷ್ಟಾಗಿ ಬಗ್ಗುವುದಿಲ್ಲ, ಸೀಟಿನ ಎತ್ತರ 800 ಮಿಲಿಮೀಟರ್ ಆದ್ದರಿಂದ ಕೆಮ್ಮಣ್ಣಿನಲ್ಲಿ ನಿಲ್ಲಿಸುವಾಗ ಎರಡೂ ಪಾದ ನೆಲಕ್ಕೆ ಊರುತ್ತವೆ. 161 ಕಿಲೋ ಎಂಬುದು ಆರ್15ಕ್ಕಿಂತ ಹತ್ತೊಂಬತ್ತು ಕಿಲೋ ಹೆಚ್ಚು. ತಿರುವಿನಲ್ಲಿ ಆ ವ್ಯತ್ಯಾಸ ಸ್ಪಷ್ಟವಾಗಿ ತಿಳಿಯುತ್ತದೆ, ಅದನ್ನು ಮುಚ್ಚಿಡುವುದು ಸರಿಯಲ್ಲ.

ಇಷ್ಟರಲ್ಲಿ ಮಳೆ ಹಿಡಿದಿತ್ತು. ನಮ್ಮ ಕರಾವಳಿಯಲ್ಲಿ ವರ್ಷಕ್ಕೆ ಮೂರು ಮೀಟರಿನ ಆಸುಪಾಸು ಮಳೆ ಬೀಳುತ್ತದೆ, ಅದರಲ್ಲಿ ಹೆಚ್ಚಿನ ಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕು ತಿಂಗಳಿನದು. 125 ಸಿಸಿಗಿಂತ ದೊಡ್ಡ ಬೈಕುಗಳಿಗೆ ಎಬಿಎಸ್ (ಬ್ರೇಕ್ ಒತ್ತಿದಾಗ ಚಕ್ರ ಕಚ್ಚಿ ನಿಂತು ಜಾರದಂತೆ ತಡೆಯುವ ವ್ಯವಸ್ಥೆ) ಕಡ್ಡಾಯವಾಗಿ ವರ್ಷಗಳಾದರೂ, ಮುಂದಿನ ಚಕ್ರಕ್ಕೆ ಮಾತ್ರ ಕೊಟ್ಟರೂ ನಿಯಮ ಪಾಲನೆಯಾಗುತ್ತದೆ. ಜಿಕ್ಸರ್ ಎಸ್ಎಫ್‌ನಲ್ಲಿ ಇರುವುದು ಆ ಒಂಟಿ ಚಾನೆಲ್ ಎಬಿಎಸ್. ಆರ್15 ಮತ್ತು ಎಸ್ಎಫ್ 250ರಲ್ಲಿ ಎರಡೂ ಚಕ್ರಕ್ಕಿದೆ. ಒಣ ರಸ್ತೆಯಲ್ಲಿ ಹಿಂದಿನ ಚಕ್ರ ತುಸು ಜಾರಿದರೆ ಅನುಭವಿ ಸವಾರ ಸರಿಪಡಿಸಿಕೊಳ್ಳುತ್ತಾನೆ. ಕೆಮ್ಮಣ್ಣು ನೀರಿನೊಂದಿಗೆ ಬೆರೆತ ಇಳಿಜಾರಿನಲ್ಲಿ ಸರಿಪಡಿಸಿಕೊಳ್ಳಲು ಜಾಗವೇ ಇರುವುದಿಲ್ಲ. ಘಟ್ಟದಲ್ಲಿ ಓಡಾಡುವವರು ಹತ್ತು ಸಾವಿರ ಹೆಚ್ಚು ಕೊಟ್ಟಾದರೂ ಎರಡೂ ಚಕ್ರಕ್ಕೆ ಎಬಿಎಸ್ ಇರುವ ಬೈಕನ್ನೇ ಕೊಳ್ಳಬೇಕೆಂದು ಬಹಳ ಕಳಕಳಿಯಿಂದ ಹೇಳುತ್ತೇನೆ. ಜಿಕ್ಸರ್ ಎಸ್ಎಫ್ ನನ್ನ ಪಟ್ಟಿಯಿಂದ ಹೋದದ್ದು ಇದೇ ಕಾರಣಕ್ಕೆ, ಶಕ್ತಿಯ ಕಾರಣಕ್ಕಲ್ಲ.

ಕುಮಟಾದಲ್ಲಿ ನನ್ನ ಹಳೆಯ ಬೈಕನ್ನು ನೋಡಿಕೊಳ್ಳುತ್ತಿದ್ದ ಮೆಕ್ಯಾನಿಕ್ ಹೇಳಿದ ಮಾತು ಹೋಲಿಕೆಗೆ ಇನ್ನೊಂದು ಅಂಕಣ ಸೇರಿಸಿತು. "ಗಾಡಿ ಯಾವ್ದಾದ್ರೂ ತಗೊಳ್ಳಿ ಹೆಗಡೇರೆ, ಫೇರಿಂಗ್ ಒಡೆದ್ರೆ ಎಷ್ಟು ದಿವ್ಸಕ್ಕೆ ಬರ್ತದೆ, ಎಷ್ಟಾಗ್ತದೆ ಅಂತ ಮೊದ್ಲು ಕೇಳಿ" ಎಂದರು. ಸ್ಪೋರ್ಟ್ಸ್ ಬೈಕಿನ ಮೈಯೆಲ್ಲ ಪ್ಲಾಸ್ಟಿಕ್. ನಿಂತಲ್ಲೇ ವಾಲಿ ಬಿದ್ದರೂ ಒಂದು ಹಾಳೆ ಬಿರುಕು ಬಿಡುತ್ತದೆ. ಸಾಮಾನ್ಯ ವಿಮೆಯಲ್ಲಿ ಪ್ಲಾಸ್ಟಿಕ್, ರಬ್ಬರ್, ನೈಲಾನ್ ಭಾಗಗಳಿಗೆ ಅರ್ಧದಷ್ಟು ಸವಕಳಿ ಕಳೆದು ಹಣ ಕೊಡುತ್ತಾರೆ, ಉಳಿದರ್ಧ ನಮ್ಮ ಕೈಯಿಂದಲೇ ಹೋಗುತ್ತದೆ. ಆದ್ದರಿಂದ ಸವಕಳಿ ಕಳೆಯದೆ ಹಣ ಕೊಡುವ ಝೀರೋ ಡೆಪ್ರಿಸಿಯೇಷನ್ ಸೇರಿಸಿಯೇ ಎಲ್ಲ ಬೈಕುಗಳ ವಿಮೆಯ ಅಂದಾಜನ್ನು ಮತ್ತೆ ಕೇಳಿ ಬರೆದುಕೊಂಡೆ. ಸಮುದ್ರದ ಉಪ್ಪುಗಾಳಿಯಲ್ಲಿ ಚೈನು ಬೇಗ ತುಕ್ಕು ಹಿಡಿಯುವುದು, ಫೇರಿಂಗ್ ಒಳಗೆ ಸೇರಿದ ಮಣ್ಣು ಹೊರಗಿನಿಂದ ತೊಳೆದರೆ ಹೋಗದಿರುವುದು ಎಲ್ಲ ಕಂಪನಿಯ ಬೈಕಿಗೂ ಸಮಾನವಾದ ಖರ್ಚು. ಪೆಟ್ರೋಲಿನಲ್ಲಿ ಮಾತ್ರ ಅಂತರವಿದೆ: ಲೀಟರಿಗೆ ಆರ್15 ನಲವತ್ತೈದು ಕಿಲೋಮೀಟರ್, ಎಸ್ಎಫ್ 250 ಮೂವತ್ತೈದು ಕೊಡುತ್ತದೆಂದು ಹಿಡಿದರೆ, ತಿಂಗಳಿಗೆ ಸಾವಿರ ಕಿಲೋಮೀಟರ್ ಓಡುವವರಿಗೆ ಆರುನೂರೈವತ್ತು ರೂಪಾಯಿಯ ವ್ಯತ್ಯಾಸ ಬೀಳುತ್ತದೆ. ವರ್ಷಕ್ಕೆ ಎಂಟು ಸಾವಿರದ ಹತ್ತಿರ; ಸಣ್ಣ ಮೊತ್ತವಲ್ಲ.

ಕೊನೆಯ ತೀರ್ಮಾನ ಹೆಂಡತಿಯದು. ಕರಿಜ್ಮಾ, ಆರ್‌ಎಸ್200, ಎಸ್ಎಫ್ 250 ಮೂರೂ ನನ್ನ ಲೆಕ್ಕದಲ್ಲಿ ಸಮಸಮ ಬಂದಿದ್ದವು. ಅವುಗಳ ಹಿಂದಿನ ಸೀಟಿನಲ್ಲಿ ಕೂತು ನೋಡಿ ಆಕೆ, "ಇದ್ರಲ್ಲಿ ಶಿರಸಿವರೆಗೂ ಕೂರ್ಬಹುದು" ಎಂದು ಎಸ್ಎಫ್ 250ರ ಕಡೆ ಕೈ ತೋರಿಸಿದಳು. ನೂರಿಪ್ಪತ್ತು ಕಿಲೋಮೀಟರ್ ಹಿಂದೆ ಕೂರುವವರ ಮಾತಿಗಿಂತ ದೊಡ್ಡ ಅಂಕಿ ಯಾವ ಕಂಪನಿಯ ಪಟ್ಟಿಯಲ್ಲೂ ಇರುವುದಿಲ್ಲ. ಉಳಿದದ್ದು ಮಿತಿ ದಾಟುತ್ತಿದ್ದ ಆ ಹಣ.

ಅದು ಬಗೆಹರಿದದ್ದು ದಿಲ್ಲಿಯಲ್ಲಿ. ಜಿಎಸ್‌ಟಿ ಇಳಿಯಲಿದೆ ಎಂಬ ಸೂಚನೆ ಆಗಸ್ಟ್ 15ರ ಭಾಷಣದಲ್ಲಿ ಬಂದಾಗಲೇ ಬುಕಿಂಗ್ ಮುಂದೂಡಿದ್ದೆ. ಸೆಪ್ಟೆಂಬರ್ 3ರಂದು ಜಿಎಸ್‌ಟಿ ಮಂಡಳಿ 350 ಸಿಸಿವರೆಗಿನ ದ್ವಿಚಕ್ರ ವಾಹನಗಳ ಮೇಲಿನ ತೆರಿಗೆಯನ್ನು ಶೇಕಡಾ 28ರಿಂದ 18ಕ್ಕೆ ಇಳಿಸಿತು, ಅದು ನವರಾತ್ರಿಯ ಮೊದಲ ದಿನವಾದ ಸೆಪ್ಟೆಂಬರ್ 22ರಿಂದ ಜಾರಿಗೆ ಬಂತು. ಹತ್ತು ಅಂಶ ಇಳಿದರೆ ಬೆಲೆ ಶೇಕಡಾ ಹತ್ತು ಕಡಿಮೆಯಾಗುತ್ತದೆಂದು ಹಲವರು ತಿಳಿದಿದ್ದರು. 128 ಇದ್ದದ್ದು 118 ಆಗುವುದರಿಂದ ನಿಜವಾದ ಇಳಿಕೆ ಶೇಕಡಾ 7.8. ರಾಜ್ಯದ ಜೀವಾವಧಿ ತೆರಿಗೆಯನ್ನೂ ಜಿಎಸ್‌ಟಿ ಸೇರಿದ ಬೆಲೆಯ ಮೇಲೆಯೇ ಹಾಕುವುದರಿಂದ ಅಲ್ಲೂ ಸ್ವಲ್ಪ ಇಳಿಯಿತು. ಎಸ್ಎಫ್ 250ರಲ್ಲಿ ಎರಡೂ ಸೇರಿ ಹತ್ತೊಂಬತ್ತು ಸಾವಿರದಷ್ಟು ಉಳಿದು, ಬೈಕು ಎರಡೂವರೆ ಲಕ್ಷದೊಳಗೆ ಬಂತು.

ಒಂದು ಶೋರೂಮಿನ ಅಂದಾಜುಪಟ್ಟಿಯಲ್ಲಿ ಹ್ಯಾಂಡ್ಲಿಂಗ್ ಚಾರ್ಜ್ ಎಂಬ ಹೆಸರಿನಲ್ಲಿ ಕೆಲವು ಸಾವಿರ ರೂಪಾಯಿ ಬರೆದಿದ್ದರು. ಯಾವ ಕೆಲಸಕ್ಕೆಂದು ಕೇಳಿದರೆ ಸ್ಪಷ್ಟ ಉತ್ತರ ಸಿಗಲಿಲ್ಲ. ವಿಮೆಯನ್ನೂ ಅಲ್ಲೇ ಮಾಡಿಸಬೇಕೆಂದು ಒತ್ತಾಯಿಸಿದರು. ಗ್ರಾಹಕರು ತಮಗೆ ಬೇಕಾದ ಕಂಪನಿಯಿಂದ ವಿಮೆ ಕೊಳ್ಳಬಹುದೆಂದು ನಾನು ತಿಳಿಸಿ, ಬೇರೆ ಕಡೆ ಖರೀದಿ ಮುಗಿಸಿದೆ. ಪ್ರತಿಯೊಂದು ಸಾಲಿಗೂ ರಸೀದಿ ಕೊಡುವವರ ಬಳಿಯೇ ಹಣ ಕಟ್ಟುವುದು ಒಳ್ಳೆಯದು.

ಬೈಕು ಬಂದ ಮೇಲೆ ಹೊಸ ಎಂಜಿನ್ ಹದಗೊಳ್ಳುವ ರನ್ನಿಂಗ್-ಇನ್ ಅವಧಿ ಮುಗಿಯುವವರೆಗೆ ಎಂಜಿನ್ನನ್ನು ತಡೆದೇ ಓಡಿಸಿದೆ. ಮೊದಲ ಸರ್ವಿಸ್ ಆದ ನಂತರ ಕತಗಾಲದಿಂದ ಮೇಲೆ ಇಬ್ಬರೂ ಹತ್ತಿದಾಗ ಲೆಕ್ಕ ಬಹುಮಟ್ಟಿಗೆ ಸರಿಬಂತು: ಮೂರನೇ ಮತ್ತು ನಾಲ್ಕನೇ ಗೇರಿನಲ್ಲೇ ಘಟ್ಟದ ಹೆಚ್ಚಿನ ಭಾಗ ಮುಗಿಯುತ್ತದೆ, ಲಾರಿಯನ್ನು ದಾಟಲು ಒಂದು ಗೇರ್ ಇಳಿಸಿದರೆ ಸಾಕು. ಇಳಿಯುವಾಗ ಸ್ಲಿಪ್ಪರ್ ಕ್ಲಚ್ ಇಲ್ಲದ ಕಾರಣ ಗೇರನ್ನು ಒಂದೊಂದಾಗಿ, ಆರ್‌ಪಿಎಂ ಇಳಿದ ಮೇಲೆಯೇ ಇಳಿಸುತ್ತೇನೆ. ಐನೂರು ಕಿಲೋಮೀಟರಿಗೊಮ್ಮೆ ಚೈನ್ ಒರೆಸಿ ಎಣ್ಣೆ ಹಚ್ಚುತ್ತೇನೆ, ಮಳೆಯಲ್ಲಿ ಓಡಿದರೆ ಅದಕ್ಕೂ ಮೊದಲೇ.

ಹುಬ್ಬಳ್ಳಿಯಲ್ಲಿ ಓದುತ್ತಿರುವ ತಂಗಿಯ ಮಗ ಈಚೆಗೆ ನನ್ನ ಚೀಟಿಯನ್ನು ಕೇಳಿ ಪಡೆದ. "ಮಾವ, ನಂಗೂ ಇದೇ ಆಗ್ತದಾ?" ಎಂದ. ಅವನು ಒಬ್ಬನೇ ಓಡಿಸುವವನು, ಸಮತಟ್ಟಾದ ಊರು, ಪೆಟ್ರೋಲಿಗೆ ಮನೆಯಿಂದ ಬರುವ ಹಣ. ಏರಿನ ಸಾಲನ್ನೂ ಹಿಂದೆ ಕೂರುವವರ ತೂಕವನ್ನೂ ತೆಗೆದು, ತೂಕ ಮತ್ತು ಮೈಲೇಜಿಗೆ ಹೆಚ್ಚು ಅಂಕ ಕೊಟ್ಟು ಇಬ್ಬರೂ ಕೂತು ಮತ್ತೆ ಲೆಕ್ಕ ಹಾಕಿದಾಗ ಆರ್15 ಮೇಲೆ ಬಂತು. ಜಿಎಸ್‌ಟಿ ಇಳಿದ ಮೇಲೆ ಅದರ ಆರಂಭಿಕ ಮಾದರಿ 2025ರ ಕೊನೆಗೆ 1.70 ಲಕ್ಷದ ಸುತ್ತ ಸಿಗುತ್ತಿತ್ತು. ಜೀವಾವಧಿ ತೆರಿಗೆ, ಐದು ವರ್ಷದ ವಿಮೆ, ಝೀರೋ ಡೆಪ್ರಿಸಿಯೇಷನ್ ಎಲ್ಲ ಸೇರಿಸಿದ ಮೊತ್ತವನ್ನು ಬರೆದು ಅವನ ಅಪ್ಪನಿಗೆ ಕಳಿಸಿದ್ದೇನೆ.